ಗರಿಕೆ ಮಲಗಿದ್ದಾಗ

೨೦೧೮ರ ಅಕ್ಟೋಬರ್ ೮, ಬೆಳಿಗ್ಗೆ ೧೦:೪೦. ಕೆನಡಾದ ಪೋರ್ಟ್ ಕ್ರೆಡಿಟ್ ರೈಲು ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗಿ ಮತ್ತೆ ಮತ್ತೆ ಫೋನು ನೋಡುತ್ತಿದ್ದಳು.

"ಯಾರ ಮೆಸೇಜಿಗೆ ಕಾಯ್ತಿದೀಯೇ ತನ್ವಿ?" ಎಂದರು ಜೊತೆಗಿದ್ದ ಹಿರಿಯ ಹೆಂಗಸು.

"ಅಮೆರಿಕದಿಂದ, ನನ್ನ ಕೆಲಸ ಇರೋ ಸೌತ್ ಕೆರೊಲಿನಾದಿಂದ, ದೊಡ್ಡಮ್ಮ. ರಜಕ್ಕೆ ಬರೋ ಮುಂಚೆ ಅಲ್ಲಿನ ಗಾಲ್ಫ್ ಕೋರ್ಸಲ್ಲಿ ಹುಲ್ಲಿನ ಮೇಲೆ ಹುಲ್ಲು ಬಿತ್ತಿಸಿದ್ದೆ. ಮೊಳೆತ್ರೆ ಕೆಲಸ ಪರ್ಮನೆಂಟು."

"ನಮಗೆ ಹುಲ್ಲು ಕಿತ್ತು ಕಿತ್ತು ಸೊಂಟ ಬಿದ್ದೋಯ್ತು. ನೀನು ಬಿತ್ತೋದು ಕಲಿಯೋಕೆ ಕಾಲೇಜಿಗೆ ಹೋದೆ!"

"ಅಲ್ಲಿರೋದು ಬರ್ಮುಡಾ ಹುಲ್ಲು, ಅಂದ್ರೆ ನಮ್ಮ ಗರಿಕೆನೇ. ಚಳಿಗೆ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಡತ್ತೆ. ಅದಕ್ಕೇ ಮೇಲೆ ರೈ ಹುಲ್ಲು ಬಿತ್ತೋದು, ಚಳಿಗಾಲವೆಲ್ಲ ಹಸಿರಾಗಿರತ್ತೆ."

"ಅಯ್ಯೋ, ಗಣಪತಿ ಗರಿಕೆನ ಸಾಯಿಸಿಬಿಟ್ಯಾ?"

"ಇಲ್ಲ ದೊಡ್ಡಮ್ಮ. ಬೇಸಿಗೇಲಿ ರೈ ಸಾಯತ್ತೆ, ಗರಿಕೆ ಏಳತ್ತೆ."

"ಅಂದ್ರೆ ಗರಿಕೆ ಮಲಗಿದ್ದಾಗ ಮನೆ ನೋಡ್ಕೊಳ್ಳೋಕೆ ಇನ್ನೊಬ್ಬರನ್ನ ಇಟ್ಟು ಬಂದಿದೀಯ. ಭಲೇ ಹುಡುಗಿ!"

ಫೋನು ಸದ್ದು ಮಾಡಿತು. ನೋಡಿದವಳೇ ತನ್ವಿ ಎದ್ದು ನಿಂತಳು.

"ಮೊಳೆತಿದೆ! ಸ್ಕೇಲ್ ಇಟ್ಟು ಫೋಟೋ ತೆಗ್ದಿದಾರೆ, ನೋಡು."

"ಕನ್ನಡಕ ಬ್ಯಾಗಲ್ಲಿದೆ. ಎಷ್ಟುದ್ದ ಅಂತ ನೀನೇ ಹೇಳೇ, ನಿನ್ನ ಬಾಯಿಂದಲೇ ಕೇಳ್ಬೇಕು."

ರೈಲು ಬಂತು. ದೊಡ್ಡಮ್ಮನ ಕೈಹಿಡಿದು ಹತ್ತಿಸುತ್ತಾ ಅವಳು ಹೇಳಿದ್ದು ನನಗೂ ಕೇಳಿಸಿತು: "ಒಂಬತ್ತು ಮಿಲಿಮೀಟರ್."