ಮರಿಯಣ್ಣನ ಟೋಪಿ

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಕೊಬ್ಬರಿ ವ್ಯಾಪಾರದ ಮರುಳಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ಮೂಟೆಗೊರಗಿ ರೈಲು ಕಾಯುತ್ತಿದ್ದ. ಪಕ್ಕದಲ್ಲೇ ಗಂಡ ಹೆಂಡತಿ ನಿಂತಿದ್ದರು. ಗಂಡನ ಕೈಯಲ್ಲಿ ಸೇವಂತಿಗೆ ಹಾರವಿತ್ತು.

“ಹಂಗೆ ಹಿಸುಕಬೇಡಿ, ಹೂವು ಉದುರ್ತವೆ.”

“ಉದುರ್ಲಿ ಬಿಡೇ ಅಂಕಮ್ಮ. ಒಂದೇ ಕ್ಲಬ್ಬಲ್ಲಿ ಫುಟ್‌ಬಾಲ್ ಆಡಿದೋರು ನಾವು. ಓಡಿ ಓಡಿ ಚೆಂಡು ತಂದುಕೊಟ್ಟೋನು ನಾನು, ಗೋಲು ಹೊಡೆದೋನು ಮರಿಯಣ್ಣ. ದೇಶದ ಟೀಮಿಗೆ ಅವನೊಬ್ಬನೇ ಹೋದ.”

“ಅಲ್ಲಿ ಆಡಿದೋರಿಗೆ ಟೋಪಿ ಕೊಡ್ತಾರಂತಲ್ಲ?”

“ಹೂಂ. ಅವನಿಗೆ ಟೋಪಿ ಕೊಟ್ರು, ನನಗೆ ಟೋಪಿ ಹಾಕಿದ್ರು.”

ಮರುಳಪ್ಪನಿಗೆ ನಗು ಬಂತು. ಕೆಮ್ಮಿ ಮರೆಸಿದ.

“ಮತ್ತೆ ಹಾರ ಯಾಕೆ ತಂದ್ರಿ?”

“ಕ್ಲಬ್ಬಿನೋರು ನನ್ನ ಕೈಗೇ ಕೊಟ್ರಲ್ಲ! ಹಾಕ್ತೀನೋ ಇಲ್ವೋ, ನೋಡ್ತಾ ಇರು.”

ರೈಲು ಬಂತು. ಮರಿಯಣ್ಣ ಇಳಿದವನೇ ತಲೆಯ ಮೇಲಿದ್ದ ನೀಲಿ ಟೋಪಿ ತೆಗೆದು ಗೆಳೆಯನ ತಲೆಗಿಟ್ಟ.

“ಚೆಂಡು ಕೊಟ್ಟೋನು ನೀನು, ಅರ್ಧ ನಿಂದೇ ಕಣ್ಲಾ ಜವರ. ಸಡಿಲ ಐತಾ?”

“ಇಲ್ಲ,” ಎಂದ ಜವರಣ್ಣ. “ನನ್ನ ತಲೆಗೇ ಹೊಲ್ದಂಗೈತೆ.”

“ಕೊಡ್ರೀ ಅವರ್ದು ಅವರಿಗೆ,” ಎಂದು ಅಂಕಮ್ಮ ಪಿಸುಗುಟ್ಟಿದಳು.

“ಮನೆ ತನಕ ಇರ್ಲಿ, ಸುಮ್ನಿರೇ.”

ಮೂವರೂ ಹೊರಟರು. ಗೇಟಿನಲ್ಲಿ ಟಿಕೆಟ್ ನೋಡುವವನು ಟೋಪಿ ಕಂಡು ಎದ್ದು ನಿಂತ.

“ದೇಶಕ್ಕೆ ಆಡಿದೋರು ನೀವೇನಾ ಸ್ವಾಮಿ?”

ಜವರಣ್ಣ ಹಿಂದಿದ್ದ ಮರಿಯಣ್ಣನ ಕಡೆ ತಿರುಗಲಿಲ್ಲ.

“ಹೂಂ, ನಮ್ಮ ಕ್ಲಬ್ಬೇ,” ಎಂದು ಗೇಟು ದಾಟಿದ. ಹಾರ ಇನ್ನೂ ಅವನ ಕೈಯಲ್ಲೇ ಇತ್ತು.