ಗಂಗೆ ಹತ್ತಿ ಬಂದ ಮೆಟ್ಟಿಲು

ಒಬ್ಬ ಶ್ರೀಮಂತ ಇದ್ದ. ಯಾವ ಊರಲ್ಲಿ ಅಂತ ಕೇಳಬೇಡಿ. ಊರಿನ ಹೆಸರು ಹೇಳಿದರೆ ನೀವು ಅವನ ನೆಂಟರನ್ನು ಹುಡುಕಲು ಶುರು ಮಾಡುತ್ತೀರಿ, ನನ್ನ ಕಥೆ ಅಲ್ಲೇ ಕೂತುಬಿಡುತ್ತದೆ. ನಿಮ್ಮ ಬೀದಿಯವನೇ ಅಂದುಕೊಳ್ಳಿ. ಜವಳಿ ಅಂಗಡಿ, ಎರಡು ಕಾರು, ಛತ್ರಿ ಹಿಡಿಯುವುದಕ್ಕೂ ಒಬ್ಬ ಆಳು. ದಾನ ಧರ್ಮದಲ್ಲಿ ಕೈ ಬಿಗಿಯಿಲ್ಲ, ಮನುಷ್ಯ ಒಳ್ಳೆಯವನು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

ಅವನಿಗೆ ಒಬ್ಬಳೇ ತಂಗಿ. ಮೂರು ಬೀದಿ ಆಚೆ ಅವಳ ಮನೆ. ಆ ಮನೆಯ ಗೃಹಪ್ರವೇಶದ ದಿನ ನಮ್ಮ ಶ್ರೀಮಂತ ಹೋದದ್ದು ತಡವಾಗಿ. ಹೋಗಿ ನೋಡುತ್ತಾನೆ, ಮೊದಲನೇ ಪಂಕ್ತಿ ಕೂತಿದೆ, ಪಾಯಸ ಬಡಿಸಿ ಆಗಿದೆ. ತವರಿನ ಅಣ್ಣ ನಾನು, ನನ್ನನ್ನು ಬಿಟ್ಟು ಎಲೆ ಹಾಕಿದಿರಾ ಅಂತ ಕೂಗಾಡಿದ. ತಂಗಿ ಕೈ ಮುಗಿದಳು, ನಮ್ಮತ್ತೆ ಮನೆಯವರಲ್ಲಿ ಸಕ್ಕರೆ ಕಾಯಿಲೆಯವರಿದ್ದರು ಅಣ್ಣ, ಕಾಯಿಸುವುದಕ್ಕಾಗಲಿಲ್ಲ ಅಂದಳು. ಕೇಳಿದನೇ? ಇಲ್ಲ. ತಿರುಗಿ ಮನೆಗೆ ಬಂದವನೇ ಸೀದಾ ದೇವರ ಮನೆಗೆ ಹೋದ.

ನಿಮ್ಮಲ್ಲಿ ಅನೇಕರ ಮನೆಯಲ್ಲೂ ಅದು ಇರುತ್ತದೆ. ಅಂಗೈ ಅಗಲದ ತಾಮ್ರದ ತಂಬಿಗೆ, ಬಾಯಿಗೆ ಬೆಸುಗೆ. ಅಜ್ಜನೋ ಅಜ್ಜಿಯೋ ಕಾಶಿಗೆ ಹೋದಾಗ ತಂದ ಗಂಗೆ. ಕೊನೆಗಾಲದಲ್ಲಿ ಒಡೆದು ಬಾಯಿಗೆ ಬಿಡುವುದಕ್ಕೆ ಅಂತ ಇಟ್ಟಿರುತ್ತೇವೆ. ಆ ತಂಬಿಗೆಯ ಮೇಲೆ ಕೈ ಇಟ್ಟು ಶ್ರೀಮಂತ ಆಣೆ ಮಾಡಿದ. ಗಂಗೆಯ ಸಾಕ್ಷಿಯಾಗಿ ಇನ್ನು ಅವಳ ಹೊಸ್ತಿಲು ತುಳಿಯುವುದಿಲ್ಲ.

ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಒಂಬತ್ತು ವರ್ಷ. ನೋಡಿ, ಸಿಟ್ಟು ನಾಲ್ಕು ತಿಂಗಳಲ್ಲಿ ತಣ್ಣಗಾಗಿತ್ತು. ತಂಗಿಯ ಕೈಯ ಹುಳಿ ತಿನ್ನಬೇಕು ಅಂತ ಆಸೆಯೂ ಆಗುತ್ತಿತ್ತು. ಆದರೆ ಆಣೆ ಇತ್ತಲ್ಲ.

ಒಂಬತ್ತನೇ ವರ್ಷ, ಶ್ರಾವಣಕ್ಕೆ ಮೊದಲು, ತಂಗಿಯ ಮಗಳು ಲಗ್ನಪತ್ರಿಕೆ ಹಿಡಿದುಕೊಂಡು ಬಂದಳು. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಇವನು ತಲೆ ತಗ್ಗಿಸಿ ಆಣೆಯ ಕಥೆ ಹೇಳಿದ. ಆ ಹುಡುಗಿ ಅಳಲಿಲ್ಲ, ಜಗಳವಾಡಲಿಲ್ಲ.

"ಸರಿ ಮಾವ, ಬರೋಕಾಗ್ದಿದ್ರೆ ಬೇಡ. ಆದ್ರೆ ಬೇರೆ ಯಾರ ಕೈಯೂ ನಾನು ಹಿಡಿಯಲ್ಲ. ಒಬ್ಳೇ ನಡ್ಕೊಂಡು ಹೋಗ್ತೀನಿ" ಅಂದು ಪತ್ರಿಕೆ ಇಟ್ಟು ಹೋದಳು.

ಆ ಮಾತು ಅವನ ಎದೆಗೆ ನಾಟಿತು. ಹೋಗದಿದ್ದರೆ ಮಗು ತುಂಬಿದ ಸಭೆಯಲ್ಲಿ ಒಂಟಿಯಾಗಿ ನಡೆಯಬೇಕು. ಆಣೆ ಮುರಿದು ಹೋದರೆ ಗಂಗೆಯ ಶಾಪ ಆ ಮಗುವಿನ ಬಾಳಿಗೇ ತಟ್ಟಿದರೆ? ಪುರೋಹಿತರನ್ನು ಕೇಳಿದ. ಗಂಗೆಗೆ ಕೊಟ್ಟ ಮಾತನ್ನು ಗಂಗೆಗೇ ಒಪ್ಪಿಸಿ ಬನ್ನಿ, ಆಳುಕಾಳು ಬೇಡ, ನಿಮ್ಮ ಹೊರೆ ನೀವೇ ಹೊತ್ತುಕೊಂಡು ಹೋಗಿ, ಅಂದರು ಅವರು. ಸರಿ, ಹುಡುಗರು ಬೆಟ್ಟ ಹತ್ತುವಾಗ ಬೆನ್ನಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥ ದೊಡ್ಡ ಬ್ಯಾಗು ತರಿಸಿದ. ತಂಬಿಗೆಯನ್ನು ಟವೆಲಿನಲ್ಲಿ ಸುತ್ತಿ ತಳಕ್ಕಿಟ್ಟ. ಅದರ ಮೇಲೆ ಎಂಟು ಜೊತೆ ಬಟ್ಟೆ, ಚಪ್ಪಲಿ, ದಿಂಬು, ಉಪ್ಪಿನಕಾಯಿ. ಹೊರೆ ಹೊತ್ತು ಗೊತ್ತಿಲ್ಲದವನು ಏನೇನು ತುಂಬುತ್ತಾನೋ ಅದೆಲ್ಲ.

ಶುಕ್ರವಾರ ಮದುವೆ. ಗುರುವಾರ ತಂಗಿಯ ಮನೆಯಲ್ಲಿ ದೇವರ ಸಮಾರಾಧನೆ. ಅದಕ್ಕೆ ಮುಂಚಿನ ಶನಿವಾರ ಇವನು ಕಾಶಿಯಲ್ಲಿ ಇಳಿದ. ಇಳಿದಾಗ ಮಳೆ. ನಮ್ಮೂರಿನ ಹಾಗೆ ಸಿಡುಕಿ ಸುರಿದು ಹೋಗುವ ಮಳೆಯಲ್ಲ. ಹಗಲು ಯಾವುದು, ಸಂಜೆ ಯಾವುದು ಅಂತ ತಿಳಿಯದ ಹಾಗೆ ಒಂದೇ ಸಮ ಇಳಿಯುವ ಮಳೆ.

ಸ್ನಾನಘಟ್ಟದ ಮೇಲೆ ನಮ್ಮ ಕನ್ನಡದವಳೇ ಒಬ್ಬ ಮುದುಕಿ ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಅಂಬಕ್ಕ ಅಂತ ಹೆಸರು. ಗದಗದ ಕಡೆಯವಳು, ಗಂಡನ ಜೊತೆ ಬಂದು ನಲವತ್ತು ವರ್ಷವಾಗಿತ್ತು, ಈಗ ಒಬ್ಬಳೇ. ಇವನ ಕೋಣೆಯ ಬಾಗಿಲು ನೇರ ಮೆಟ್ಟಿಲಿನ ಮೇಲೇ ತೆರೆಯುತ್ತಿತ್ತು. ಅಲ್ಲಿಂದ ಎಂಬತ್ತು ಮೆಟ್ಟಿಲು ಇಳಿದರೆ ಗಂಗೆ, ಅಂದಿದ್ದಳು ಅಂಬಕ್ಕ. ಇವನು ಬಗ್ಗಿ ನೋಡಿದರೆ ಹದಿನಾರು ಮೆಟ್ಟಿಲು ಮಾತ್ರ ಕಾಣುತ್ತಿದ್ದವು. ಉಳಿದವೆಲ್ಲ ನೀರಿನೊಳಗೆ.

ಕೆಳಗೆ ಇಳಿಯಹೋದ. ಪೊಲೀಸರು ಹಗ್ಗ ಕಟ್ಟಿದ್ದರು. ಪ್ರವಾಹ ಇಳಿಯುವವರೆಗೆ ಸ್ನಾನವಿಲ್ಲ, ದೋಣಿಯಿಲ್ಲ, ಹತ್ತಿರ ಹೋಗುವ ಹಾಗಿಲ್ಲ. ಪಕ್ಕದ ಘಟ್ಟಕ್ಕೆ ಹೋದ, ಅಲ್ಲೂ ಹಗ್ಗ. ಅದರಾಚೆಯ ಘಟ್ಟ ಇಡಿಯಾಗಿ ಮುಳುಗಿತ್ತು. ಒಂದು ಗುಡಿಯ ಕಳಸ ಮಾತ್ರ ನೀರಿನ ಮೇಲೆ, ಅದರ ತುದಿಯಲ್ಲಿ ಒಂದು ಕಾಗೆ.

ಹೀಗೆ ಮೂರು ದಿನ ಬೆನ್ನಿನ ಮೇಲೆ ಬ್ಯಾಗು ಹೊತ್ತು ಆ ಓಣಿಗಳಲ್ಲಿ ತಿರುಗಿದ. ಎಂಥ ಓಣಿಗಳು ಅಂತೀರಿ! ಎರಡು ಕೈ ಚಾಚಿದರೆ ಎರಡು ಗೋಡೆ. ಸೀರೆ ಅಂಗಡಿಯ ಜಗುಲಿಯ ಮೇಲೆ ಹಸು ನಿಂತಿದೆ, ಅಂಗಡಿಯವನು ಅದರ ಬೆನ್ನು ಒರೆಸುತ್ತಿದ್ದಾನೆ. ಮೊಣಕಾಲಿನವರೆಗಿನ ನೀರಿನಲ್ಲಿ ಚೆಂಡು ಹೂವು ತಾವಾಗಿಯೇ ತೇಲಿಕೊಂಡು ಓಣಿಯಿಂದ ಓಣಿಗೆ ತಿರುಗುತ್ತಿವೆ. ಸಂಜೆ ಆರತಿ ಮಾಡಲು ಘಟ್ಟವಿಲ್ಲ, ಮಾಳಿಗೆಯ ಮೇಲೆ ಮಾಡುತ್ತಿದ್ದಾರೆ. ತಲೆಯ ಮೇಲೆ ದೀಪ, ಕಾಲ ಕೆಳಗೆ ನೀರಿನಲ್ಲೂ ದೀಪ. ದಾರಿ ತಪ್ಪಿ ಮತ್ತೆ ಅದೇ ಹಸುವಿನ ಹತ್ತಿರ ಬಂದು ನಿಲ್ಲುತ್ತಿದ್ದ. ತಾನು ಎಚ್ಚರವಿದ್ದೇನೋ, ಮಲಗಿದ್ದೇನೋ ಅನ್ನುವುದೇ ಅವನಿಗೆ ತಿಳಿಯದೆ ಹೋಯಿತು. ಬ್ಯಾಗು ನೆನೆದು ಭಾರವಾದ ಹಾಗೆಲ್ಲ ಒಂದೊಂದನ್ನೇ ತೆಗೆದು ಕೊಟ್ಟ. ದಿಂಬು ಒಬ್ಬ ಸಾಧುವಿಗೆ, ಬಟ್ಟೆಗಳು ಮನೆ ಮುಳುಗಿದ ದೋಣಿಯವರಿಗೆ. ಉಪ್ಪಿನಕಾಯಿ ಅಂಬಕ್ಕನ ಪಾಲಾಯಿತು. ಕೊನೆಗೆ ಉಳಿದದ್ದು ತಂಬಿಗೆ ಒಂದೇ. ಆದರೂ ಬೆನ್ನು ಹಗುರಾಗಲಿಲ್ಲ.

ಈ ಅಂಬಕ್ಕ ಒಂದು ಕೆಲಸ ಮಾಡುತ್ತಿದ್ದಳು. ನಲವತ್ತು ವರ್ಷದ ಪರಿಚಯ, ಹಗ್ಗ ದಾಟಲು ಪೊಲೀಸರು ಅವಳೊಬ್ಬಳನ್ನು ಮಾತ್ರ ಬಿಡುತ್ತಿದ್ದರು. ದಿನಾ ಬೆಳಗ್ಗೆ ನೀರು ಯಾವ ಮೆಟ್ಟಿಲಿನವರೆಗೆ ಏರಿದೆಯೋ ಆ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಹೂವಿಟ್ಟು, ಮನೆಗೆ ಬರುವ ಮುತ್ತೈದೆಯನ್ನು ಕರೆಯುವ ಹಾಗೆ ನಮಸ್ಕಾರ ಮಾಡುತ್ತಿದ್ದಳು. ಭಾನುವಾರ ಹನ್ನೊಂದು ಮೆಟ್ಟಿಲು ಉಳಿದಿತ್ತು. ಸೋಮವಾರ ಐದು. ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಊರಿನ ರೈಲು. ಅದು ತಪ್ಪಿದರೆ ಮದುವೆ ತಪ್ಪಿತು. ಸೋಮವಾರ ರಾತ್ರಿ ಅವನು ಅತ್ತ. ಐವತ್ತೆಂಟು ವರ್ಷದ ಗಂಡಸು, ಬ್ಯಾಗು ತಬ್ಬಿಕೊಂಡು ಅತ್ತ, ನನ್ನನ್ನು ನಿನ್ನ ಹತ್ತಿರ ಬರಲೂ ಬಿಡುತ್ತಿಲ್ಲವಲ್ಲ ತಾಯಿ ಅಂತ.

ಮಂಗಳವಾರ ಬೆಳಗಾಯಿತು. ಬಾಗಿಲು ತೆರೆದ. ಹೊಸ್ತಿಲಿಗೆ ತಾಗಿಕೊಂಡು ಗಂಗೆ ನಿಂತಿದ್ದಾಳೆ! ಅಲೆಯಿಲ್ಲ, ಸದ್ದಿಲ್ಲ, ಮಳೆಯೂ ನಿಂತಿದೆ. ಕೆಂಪು ನೀರು ಆಚೆ ದಡವೇ ಕಾಣದಷ್ಟು ದೂರ ಹರಡಿದೆ. ಅಂಬಕ್ಕ ಪಕ್ಕದ ಕಟ್ಟೆಯಿಂದ ಬಗ್ಗಿ ಅವನ ಹೊಸ್ತಿಲಿಗೇ ಅರಿಶಿನ ಹಚ್ಚುತ್ತಿದ್ದಾಳೆ. ಇವನ ಕಥೆಯೆಲ್ಲ ಅವಳಿಗೆ ಗೊತ್ತಿತ್ತು, ಮೂರು ದಿನ ಅದನ್ನೇ ಹೇಳಿಕೊಂಡಿದ್ದನಲ್ಲ. ಅವಳು ತಲೆಯೆತ್ತಿ ಹೇಳಿದಳು:

"ನೋಡಪಾ ತಮ್ಮಾ. ಎಂಬತ್ತು ಮೆಟ್ಲ ಹತ್ತಿ ನಿನ್ನ ಬಾಗಲಿಗೆ ಬಂದಾಳ ಗಂಗವ್ವ. ಮದಲ ನನ್ನ ಕರದ್ರೋ ಇಲ್ಲೋ ಅಂತ ಕೇಳಲಿಲ್ಲ. ನಿನಗ ಮೂರು ಓಣಿ ದಾಟಾಕ ಒಂಬತ್ತು ವರ್ಷ ಸಾಲಲಿಲ್ಲೇನು?"

ಅವನು ಬ್ಯಾಗು ಬಿಚ್ಚಿದ. ತಂಬಿಗೆ ತೆಗೆದ, ಅಂಬಕ್ಕ ಕೊಟ್ಟ ಚೂರಿಯಿಂದ ಬೆಸುಗೆ ಎಬ್ಬಿಸಿದ, ಗಂಗೆಗೆ ಬಗ್ಗಿಸಿದ. ಏನು ಬಿತ್ತು? ಏನೂ ಬೀಳಲಿಲ್ಲ. ಒಂದು ಹನಿಯೂ ಬೀಳಲಿಲ್ಲ! ಒಳಗೆ ತಳದಲ್ಲಿ ಹಸಿರು ಕಿಲುಬು, ಅಷ್ಟೇ. ಯಾವ ಕಾಲದ ಬೆಸುಗೆಯೋ, ಎಲ್ಲೋ ಸೂಜಿಮೊನೆಯಷ್ಟು ಬಿಟ್ಟುಕೊಂಡು, ಅವನ ಅಪ್ಪನ ಕಾಲಕ್ಕೇ ಆ ನೀರು ಆವಿಯಾಗಿ ಹೋಗಿತ್ತು. ಒಂಬತ್ತು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ಅವನು ಆ ತಂಬಿಗೆಯನ್ನು ಅಲ್ಲಾಡಿಸಿ ನೋಡಿರಲಿಲ್ಲ.

ಹಾಗಾದರೆ ನಾನು ಯಾರ ಮೇಲೆ ಆಣೆ ಇಟ್ಟೆ ಅಂತ ಕೇಳಿದ.

"ಖಾಲಿ ತಾಮ್ರದ ಮ್ಯಾಲೆ ಇಟ್ಟಿ. ಹೊತ್ತದ್ದು ಮಾತ್ರ ಖರೇನ ಹೊತ್ತಿ" ಅಂದಳು ಅಂಬಕ್ಕ. ತಂಬಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು, ಉಜ್ಜಿ ತೊಳೆದು, ಹೊಸ್ತಿಲ ಬಳಿ ಮುಳುಗಿಸಿ ತುಂಬಿಸಿ ಕೊಟ್ಟಳು. "ಇದಕ್ಕ ಬಾಯಿ ಮುಚ್ಚಬ್ಯಾಡ. ತಂಗೀಗೆ ಹಿಂಗ ಒಯ್ದು ಕೊಡು."

ಎರಡು ದಿನ ರೈಲಿನಲ್ಲಿ ಬಾಯಿ ತೆರೆದ ತಂಬಿಗೆಯನ್ನು ತೊಡೆಯ ಮೇಲೆ ಹಿಡಿದು ಕೂತ. ಬೆನ್ನಿಗೆ ಖಾಲಿ ಬ್ಯಾಗು. ಕುಲುಕಿದಾಗೆಲ್ಲ ಚೆಲ್ಲುತ್ತಿತ್ತು, ನಿದ್ದೆ ಮಾಡಲಿಲ್ಲ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ತಂಗಿಯ ಬೀದಿಗೆ ಬಂದಾಗ ಅರ್ಧ ತಂಬಿಗೆ ಉಳಿದಿತ್ತು.

ಚಪ್ಪರದ ಕೆಳಗೆ ಜನವೋ ಜನ, ಎಲ್ಲರ ಮುಖ ಗಂಟು. ಅಡಿಗೆಯಾಗಿ ಎರಡು ಗಂಟೆಯಾಗಿದೆ, ಬೀಗರು ಗೊಣಗುತ್ತಿದ್ದಾರೆ. ಇವನು ಹೊಸ್ತಿಲ ಮುಂದೆ ನಿಂತ. ತುಳಿದ. ಒಳಗಿನಿಂದ ತಂಗಿ ಓಡಿ ಬಂದಳು. ಅವನು ಕಾಶಿಗೆ ಹೋದದ್ದನ್ನು ಅವನ ಹೆಂಡತಿ ಅವಳ ಕಿವಿಗೆ ಹಾಕಿದ್ದಳು. ಒಂಬತ್ತು ವರ್ಷ ಬಿಟ್ಟು ನೋಡಿದ ಅಣ್ಣನಿಗೆ ಅವಳು ಹೇಳಿದ್ದು ಒಂದೇ ಮಾತು:

"ಬಾ ಅಣ್ಣ. ಇನ್ನೂ ಎಲೆ ಹಾಕಿಲ್ಲ."

ಅವನು ಕೂರಲಿಲ್ಲ. ಬಾಳೆಲೆ ಹಾಕಿದ ಮೇಲೆ ನೀರು ಚಿಮುಕಿಸಬೇಕಲ್ಲ, ಆ ಅರ್ಧ ತಂಬಿಗೆ ಗಂಗೆಯನ್ನು ಹಿಡಿದು ಪಂಕ್ತಿಯುದ್ದಕ್ಕೂ ಬಗ್ಗಿ ಬಗ್ಗಿ ತಾನೇ ಚಿಮುಕಿಸಿದ. ಕಣ್ಣೀರು ಎಷ್ಟು ಬಿತ್ತೋ, ಗಂಗೆ ಎಷ್ಟು ಬಿತ್ತೋ. ಮರುದಿನ ಆ ಹುಡುಗಿ ಮಾವನ ಕೈ ಹಿಡಿದೇ ಮಂಟಪಕ್ಕೆ ಬಂದಳು.

ಕಥೆ ಮುಗಿಯಿತು. ಈಗ ನಿಮ್ಮ ಸರದಿ. ನೋಡಿ, ಕಥೆ ಹೇಳುವಾಗ ಕೆಲವರು ಪಕ್ಕದವರ ಮುಖ ನೋಡಿದಿರಿ, ಇದು ಅವರಿಗೇ ಹೇಳಿದ್ದು ಅಂತ. ಸ್ವಾಮಿ, ಇದು ನಿಮಗೇ ಹೇಳಿದ್ದು. ಅವರ ಮನೆಯಲ್ಲಿ ನೀರು ಮುಟ್ಟುವುದಿಲ್ಲ ಅಂತ ನೀವು ಆಣೆ ಮಾಡಿಲ್ಲವೇ? ಅವಳು ಮೊದಲು ಮಾತಾಡಿಸಲಿ ಅಂತ ಕೂತಿಲ್ಲವೇ? ಮದುವೆಗೆ ನಮ್ಮನ್ನು ಕೊನೆಯಲ್ಲಿ ಕರೆದರು, ಫೋನಿನಲ್ಲಿ ಕರೆದರು, ಗಂಡನನ್ನು ಕರೆದು ಹೆಂಡತಿಯನ್ನು ಕರೆಯಲಿಲ್ಲ, ಇದೇ ಅಲ್ಲವೇ ನಮ್ಮ ಮಹಾಯುದ್ಧಗಳು? ಆ ತಂಬಿಗೆಯನ್ನು ಒಂದು ಸಲ ಅಲ್ಲಾಡಿಸಿ ನೋಡಿ. ಒಳಗೆ ಸಿಟ್ಟು ನಿಜವಾಗಿಯೂ ಉಳಿದಿದೆಯೋ, ಬರೀ ಬೆಸುಗೆ ಉಳಿದಿದೆಯೋ. ನನ್ನ ತಂಬಿಗೆಯನ್ನು ನಾನು ಹೋದ ವರ್ಷ ಅಲ್ಲಾಡಿಸಿದೆ. ನನ್ನ ದಾಯಾದಿ ಅಣ್ಣ ಅಲ್ಲಿ ಕಂಬದ ಪಕ್ಕ ಕೂತಿದ್ದಾನೆ, ಬೇಕಾದರೆ ಕೇಳಿ.

ಏನು ಮಾಡಬೇಕು? ಕಾಶಿಗೆ ಹೋಗಬೇಡಿ. ಎದ್ದು ಆ ಮನೆಗೆ ಹೋಗಿ. ಯಾರದು ತಪ್ಪು ಅಂತ ತೀರ್ಮಾನ ಮಾಡಲು ಹೋಗಬೇಡಿ, ಅದು ಈ ಜನ್ಮಕ್ಕೆ ಮುಗಿಯುವುದಿಲ್ಲ. ಮಾತು ಬಾರದಿದ್ದರೆ ಬಾಗಿಲಲ್ಲಿ ನಿಂತು, ಕುಡಿಯಲು ಒಂದು ಲೋಟ ನೀರು ಕೊಡಿ ಅನ್ನಿ. ನಮ್ಮ ಕಡೆ ನೀರು ಕೇಳಿದವರಿಗೆ ಇಲ್ಲ ಅನ್ನುವವರು ಇನ್ನೂ ಹುಟ್ಟಿಲ್ಲ. ಕುಡಿದು, ಆಮೇಲೆ ಅವರನ್ನು ಇಲ್ಲಿಗೆ ಕರೆದುಕೊಂಡು ಬನ್ನಿ.

ಈಗ ಆರೂವರೆ. ಪ್ರಸಾದಕ್ಕೆ ಅಡಿಗೆಯವರು ಎಂಟಕ್ಕೆ ಅಂದಿದ್ದಾರೆ. ಹೊರಗೆ ಮಳೆ ಇದೆ, ಗೊತ್ತು. ನೆನೆದುಕೊಂಡೇ ಹೋಗಿ. ಒಂಬತ್ತಾಗಲಿ, ಹತ್ತಾಗಲಿ, ನಾನು ಇಲ್ಲೇ ಕೂತಿರುತ್ತೇನೆ. ನೀವೆಲ್ಲ ಹೋಗಿ ಬರುವವರೆಗೆ ಇವತ್ತು ಎಲೆ ಹಾಕಿಸುವುದಿಲ್ಲ.