ಹನ್ನೊಂದು ಡಿಗ್ರಿ

ನಾನು ಹಿರಿಯೂರಲ್ಲಿ ಪಂಪು, ಮೋಟ್ರು ಸಾಮಾನು ಮಾರೋನು. ದೆವ್ವ ಮಾರೋನಲ್ಲ. ಇದು ನನ್ನ ಸೋದರಮಾವನ ಮಗ ಹಾಲೇಶನಿಗೆ ಆದದ್ದು. ಎರಡು ಸಾವಿರದ ಒಂದು, ಮಾರ್ಚಿ ತಿಂಗಳು.

ಮಾರಿಕಣಿವೆ ಡ್ಯಾಮಿನ ಹಿನ್ನೀರಿಗೆ ಹೂಳು ಅಳೆಯೋಕೆ ಒಂದು ಬೋಟು ಬಂದಿತ್ತು. ಅದರ ಹೊಟ್ಟೆ ಕೆಳಗೆ ಎರಡು ಸೆನ್ಸರು. ಒಂದು ಪುಟ್ಟ ಚಕ್ರ, ನೀರು ತಾಗಿ ತಿರುಗಿದಷ್ಟು ವೇಗ ತೋರಿಸೋದು. ಇನ್ನೊಂದು ನೀರಿನ ಬಿಸಿ ಹೇಳೋದು. ಎರಡನ್ನೂ ತಾಳೆ ನೋಡಿ ಸರಿಪಡಿಸೋದು ಹಾಲೇಶನ ಕೆಲಸ. ಗಾಳಿ ನಿಂತ ಮೇಲೇ ಮಾಡಬೇಕು. ಅದಕ್ಕೇ ಕತ್ತಲಾಗೋ ಹೊತ್ತಿಗೆ ಆಲದ ಮರ ದಾಟಿ ದಡಕ್ಕೆ ನಡೆದ.

ಮರದ ಬುಡದಲ್ಲಿ ಬಸಮ್ಮ ಕೂತಿದ್ದಳು. ಗಂಡ ಕಾಟಯ್ಯ ಬಲೆ ಬಿಡೋಕೆ ಹೋಗಿ ಮುಳುಗಿ ಐದು ದಿನ. ಹೆಣ ಸಿಕ್ಕಿರಲಿಲ್ಲ. ನಾಳೆಯಿಂದ ಹುಡುಕೋದಿಲ್ಲ ಅಂತ ಹೇಳಿಬಿಟ್ಟಿದ್ದರು.

"ಅಣ್ಣಾ... ಮಣ್ಣು ಮಾಡಾಕಾದ್ರೂ ಸಿಕ್ತಾನಾ?" ದನಿಯಲ್ಲಿ ಅಳು ಇರಲಿಲ್ಲ.

"ನೋಡಾಣಕ್ಕ," ಅಂದ. ಇನ್ನೇನು ಹೇಳ್ತಾನೆ.

ಬೋಟು ನಡೆಸೋನು ಮುದುಕ ಚಿತ್ತಯ್ಯ. ನೂರು ಮೀಟರು ದೂರದ ಎರಡು ಗೂಟಗಳ ನಡುವೆ ಹೋಗಿ, ತಿರುಗಿ ಬಂದರು. ವೇಗ ತಾಳೆಯಾಯಿತು. ಆಮೇಲೆ ನಡುನೀರಲ್ಲಿ ಇಂಜಿನ್ ಆರಿಸಿ ಕಲ್ಲಿನ ಲಂಗರು ಬಿಟ್ಟರು. ನಿಂತ ಬೋಟಿಗೆ ಮೀಟರು ಸೊನ್ನೆ ತೋರಿಸಬೇಕು.

ಟಿರ್... ಟಿರ್... ಟಿರ್... ಹಲಗೆ ಕೆಳಗೆ ಚಕ್ರ.

ಮೀಟರಲ್ಲಿ ನಾಲ್ಕು. ಗಂಟೆಗೆ ನಾಲ್ಕು ಕಿಲೋಮೀಟರು... ಆಳು ನಡೆಯೋ ವೇಗ.

"ಮೀನೇನಪ್ಪ?" ಹಾಲೇಶ ಪಿಸುಗುಟ್ಟಿದ.

"ಇಷ್ಟೊತ್ತು ಒಂದೇ ಸಮ ನಡೆಯೋ ಮೀನು ನಾ ಕಂಡಿಲ್ಲ. ನಿಮ್ಮ ಮಾವನ ಮನೇಲಿ ಐತೇನೋ."

ಹಾಲೇಶ ಬಕೆಟ್ಟಲ್ಲಿ ನೀರು ಎತ್ತಿ ಗಾಜಿನ ಥರ್ಮಾಮೀಟರು ಇಟ್ಟ. ಇಪ್ಪತ್ತಾರು. ಮೀಟರಲ್ಲಿ ಮೂವತ್ತೇಳು. ಬದುಕಿದ ಮೈಯ ಬಿಸಿ.

ಗಾಜು ಸುಳ್ಳಾಡಲ್ಲ, ಕರೆಂಟು ಸುಳ್ಳಾಡುತ್ತೆ ಅಂತ ನಮ್ಮ ಕಸುಬಿನವರ ನಂಬಿಕೆ. ಸ್ಕ್ರೂಡ್ರೈವರ್ ತಗೊಂಡು ಹನ್ನೊಂದು ಡಿಗ್ರಿ ಇಳಿಸಿದ. ನಾಲ್ಕನ್ನೂ ಸೊನ್ನೆಗೆ ತಂದ. ಮೀಟರು ಸುಮ್ಮನಾಯ್ತು. ಚಕ್ರ ಸುಮ್ಮನಾಗಲಿಲ್ಲ.

ದಡಕ್ಕೆ ಬಂದು ಮತ್ತೊಮ್ಮೆ ನೋಡಿದರು. ಬಕೆಟ್ಟಲ್ಲಿ ಇಪ್ಪತ್ತಾರೇ. ಮೀಟರಲ್ಲಿ... ಹದಿನೈದು.

ಹಾಲೇಶನಿಗೆ ಆಗ ಹೊಳೆಯಿತು. ಸೆನ್ಸರು ಮೊದಲೇ ಸರಿಯಿತ್ತು. ಬಕೆಟ್ಟಿಗೆ ಬಂದದ್ದು ಮೇಲಿನ ನೀರು. ಬೋಟಿನ ಹೊಟ್ಟೆಗೆ ತಾಗಿದ್ದು ಬೇರೆ. ನಡುನೀರಿನ ಆ ಜಾಗಕ್ಕೆ ಗುರುತೂ ಬಿಟ್ಟಿರಲಿಲ್ಲ. ತಿರುಪು ಹಿಂದಕ್ಕೆ ತಿರುಗಿಸೋಕೆ ಕೈ ಹಾಕಿದ.

"ಮುಟ್ಟಬ್ಯಾಡಲೇ," ಚಿತ್ತಯ್ಯ ಅಂದ. "ಕತ್ತಲಾಗೆ ಇನ್ನೊಂದ್ಸಲ ಕೆಡಿಸ್ತೀಯ. ತಪ್ಪಿದ್ದು ತಪ್ಪಿದಂಗೇ ಇರ್ಲಿ, ಹನ್ನೊಂದು ಸೇರಿಸ್ಕಂಡು ಓದು. ಆ ಬಿಸಿ ಜಾಗ ಹುಡುಕಾಣ."

ಹದಿನೈದು... ಹದಿನೈದು... ಒಂದು ಗಂಟೆ ಸುತ್ತಿದರು. ಹದಿನೈದು...

ಇಪ್ಪತ್ತಾರು. ಹನ್ನೊಂದು ಸೇರಿಸಿದರೆ ಮೂವತ್ತೇಳು.

ಚಿತ್ತಯ್ಯ ಹಗ್ಗಕ್ಕೆ ಕಟ್ಟಿದ ಕೊಕ್ಕೆ ಇಳಿಬಿಟ್ಟ. ಎರಡನೇ ಸಲಕ್ಕೆ ಭಾರ ಹತ್ತಿತು. ಕಾಟಯ್ಯ. ಮೈ ಕಲ್ಲಿನ ಹಾಗೆ ತಣ್ಣಗಿತ್ತು.

ನನಗೆ ಹೇಳಿ ಕಳಿಸಿದರು. ನಾನು ಹೋದಾಗ ದಡದಲ್ಲಿ ಮಲಗಿಸಿದ್ದರು. ಬಸಮ್ಮ ಗಂಡನ ಕಾಲು ಹಿಡಿದು ಕೂತಿದ್ದಳು. ಬಟ್ಟೆಯಿಂದ ಇನ್ನೂ ನೀರು ಇಳೀತಿತ್ತು... ತೊಟ್... ತೊಟ್... ಅಂಗಾಲಲ್ಲಿ ಮಾತ್ರ ಒಣ ಕೆಂಧೂಳು ಮೆತ್ತಿತ್ತು. ಬಸಮ್ಮ ಸೆರಗಿಂದ ಒರೆಸಿದಳು. ಧೂಳು ಉದುರಿತು.

ನಂಬೋದು ಬಿಡೋದು ನಿಮ್ಮಿಷ್ಟ. ಟಾರ್ಚು ಹಿಡಿದಿದ್ದು ನಾನೇ.